ಹೇಳಿದ ಹಾಗೇ ನೆಟ್ಟ ಗೆಡ್ಡೆಗಳು

ಚಳಿಗಾಲದ ಕೊನೆಯ ದಿನಗಳ ಆ ಸಂಧ್ಯೆ… ದಣಿದ ಹೆಗಲಿನ ಮೇಲೆ ಯಾರೋ ಹೊದಿಸಿದ ಮಾಸಿದ ಶಾಲಿನಂತೆ, ಮಂದಕಾಂತಿಯ ಬೂದು ಬೆಳಕೊಂದು ಮನೆಯ ಹಿಂದಿನ ಪುಟ್ಟ ಕೈದೋಟದ ಮೇಲೆ ಇಳಿಯುತ್ತಿತ್ತು. ಕತ್ತರಿ ಹಾಕಿಸಿಕೊಂಡ ಗುಲಾಬಿ ಗಿಡಗಳಲ್ಲಿ ಕೆಂಪು ಚಿಗುರುಗಳು, ನಿದ್ದೆಯಿಂದೆದ್ದ ಕೂಸಿನ ಕಣ್ಣಿನಂತೆ, ಅರೆತೆರೆದಿದ್ದವು. ಬೇಲಿಯಾಚೆಯ ತೋಟಗಳಲ್ಲೆಲ್ಲ ವಸಂತದ ಹಳದಿ ಹೂಗಳು ಆಗಲೇ ತಲೆದೂಗುತ್ತಿದ್ದವು. ಆದರೆ ಈ ಗುಲಾಬಿಗಳ ಬುಡದ ಉದ್ದನೆಯ ಪಾತಿ ಮಾತ್ರ… ಸಹೃದಯ ಓದುಗರೇ, ಏನೋ ಬರೆಯಲು ಕೂತವರು ಬರೆಯದೆ ಎದ್ದುಹೋದ ಪುಟದಂತೆ ಬರಿದಾಗಿತ್ತು!

ಆ ಪಾತಿಯ ಮುಂದೆ ಮೊಣಕಾಲೂರಿ ಕುಳಿತವಳು ಗಣಿತದ ಅಧ್ಯಾಪಕಿ. ದಿನವಿಡೀ ಕರಿಹಲಗೆಯ ಮುಂದೆ ನಿಂತ ಕಾಲುಗಳ ನೋವಿಗಿಂತ ಆಳವಾದದ್ದು ಅವಳ ಮನಸ್ಸಿನ ಆಯಾಸ. ಗಂಡ ಗಡಿಯಾರ ರಿಪೇರಿಯವನು. ಕೆಟ್ಟವನಲ್ಲ, ಆದರೆ ಮೌನವ್ರತಿ. ಹನ್ನೊಂದು ವರ್ಷಗಳ ದಾಂಪತ್ಯದಲ್ಲಿ ಅವನು ಅಂದ ‘ಹೂಂ’ಗಳ ಮೊತ್ತ ಗಣಿತದ ಟೀಚರಿಗೂ ಲೆಕ್ಕಕ್ಕೆ ಸಿಗದು! ಬೇಸತ್ತು ಅವನಿಗೂ ತಿಳಿಸದೆ ದೂರದೂರಿಗೆ ವರ್ಗಾವಣೆ ಕೇಳಿದ್ದಳು. ಅದು ಮಂಜೂರಾಗಿತ್ತು. ಒಪ್ಪಿಗೆಯ ಸಹಿ ಹಾಕಲು ನಾಳೆಯೇ ಕೊನೆಯ ದಿನ.

“ಏನಮ್ಮಾ, ನಿನ್ನ ಹೂವಿನ ಗೆಡ್ಡೆಗಳ ತಪಸ್ಸು ಇನ್ನೂ ಮುಗೀಲಿಲ್ವಾ? ಈರುಳ್ಳಿ ಆಗಿದ್ರೆ ಒಗ್ಗರಣೆಗಾದ್ರೂ ಆಗ್ತಿತ್ತು!” ಹಿತ್ತಲ ಬಾಗಿಲಲ್ಲಿ ನಿಂತ ಅತ್ತೆ ನಕ್ಕರು.

“ಕೊಳೆತುಹೋಗಿರ್ಬೇಕು ಅತ್ತೆ. ಕಿತ್ತು ಎಸೆದುಬಿಡ್ತೀನಿ.”

ಅವಳು ಜ್ವರದಲ್ಲಿ ಮಲಗಿದ್ದಾಗ ಗಂಡನೇ ನೆಟ್ಟ ಗೆಡ್ಡೆಗಳವು. ಅವನ ಕೈಯಲ್ಲಿ ಅವೂ ಮೂಕವಾದವೇ… ಎಂದುಕೊಳ್ಳುತ್ತಲೇ ಅವಳು ಮಣ್ಣು ಕೆದಕಿದಳು. ಗೆಡ್ಡೆ ಕೊಳೆತಿರಲಿಲ್ಲ! ಗಟ್ಟಿಯಾಗಿ, ತಣ್ಣಗೆ, ಜೀವಂತವಾಗಿತ್ತು. ಅದರ ತಳದಿಂದ ಹೊರಟ ಬಿಳಿಚಿದ ಮೊಳಕೆಯೊಂದು ಕತ್ತಲಲ್ಲಿ ಬಾಗಿ, ಗೆಡ್ಡೆಯನ್ನೇ ಬಳಸಿ, ಬೆಳಕಿನ ಕಡೆಗೆ ಹತ್ತುತ್ತಿತ್ತು. ಇನ್ನೊಂದೂ ಹಾಗೆಯೇ. ಮತ್ತೊಂದೂ!

ಅಂಗಡಿಯಿಂದ ಬಂದ ಗಂಡ ಹಿಂದೆ ನಿಂತಿದ್ದ.

“ರೀ, ಇವನ್ನ ಹೇಗೆ ನೆಟ್ರಿ?”

“ನೀನು ಹೇಳಿದ ಹಾಗೇ. ಜುಟ್ಟು ಮೇಲೆ ಮಾಡಿ.” ಅವನು ಬಗ್ಗಿ ಗೆಡ್ಡೆಯ ಮೇಲಿದ್ದ ಒಣ ಎಳೆಗಳ ಗೊಂಚಲನ್ನು ಮುಟ್ಟಿ ತೋರಿಸಿದ.

“ಅಯ್ಯೋ, ಅದು ಬೇರು ಕಣ್ರೀ! ಜುಟ್ಟು ಅಂದಿದ್ದು ಚೂಪಾದ ತುದಿಗೆ! ಎಲ್ಲಾನೂ ತಲೆಕೆಳಗೆ ನೆಟ್ಟಿದ್ದೀರಿ!”

“ಬೇರಾ?” ಅವನ ಮುಖ ಬಾಡಿತು. “ಸಿಕ್ಕುಸಿಕ್ಕಾಗಿತ್ತು ಅಂತ ಗಡಿಯಾರದ ಬ್ರಷ್‌ನಲ್ಲಿ ಒಂದೊಂದನ್ನೂ ಬಾಚಿ ನೆಟ್ಟೆ. ಅವತ್ತು ಅಂಗಡೀನೇ ತೆಗೀಲಿಲ್ಲ.”

“ಅಂಗಿ ತಿರುಗಾಮುರುಗಾ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದವನು, ಇನ್ನೇನು ಮಾಡ್ತಾನೆ!” ಎನ್ನುತ್ತ ಅತ್ತೆ ಒಳಗೆ ನಡೆದರು.

ಅವಳಿಗೆ ನಗು ಉಕ್ಕಿತು… ನಗುವಿನ ಬೆನ್ನಿಗೇ, ಬಿಸಿಲುಮಳೆಯಂತೆ, ಕಣ್ಣೀರು. ಮೂವತ್ತು ಗೆಡ್ಡೆಗಳಿಗೆ ತಲೆ ಬಾಚಿದ್ದಾನೆ ಈ ಮನುಷ್ಯ!

“ನಾನು ವರ್ಗ ಕೇಳಿದ್ದೀನಿ. ಒಬ್ಬಳೇ ಹೋಗೋಣ ಅಂತ. ನಾಳೆ ಸಹಿ ಹಾಕ್ಬೇಕು.”

ಅವನು ಗೆಡ್ಡೆಯಿಂದ ಕೈ ಹಿಂತೆಗೆದ.

“ನನ್ನಿಂದ್ಲಾ?”

“ನೀವು ಮಾತೇ ಆಡಲ್ಲ. ನಂಗೆ ಸುಸ್ತಾಗಿದೆ.”

“ಮಾತಾಡಿದ್ರೆ ಎಲ್ಲಿ ತಪ್ಪಾಗುತ್ತೋ ಅಂತ… ಹೇಳಿದ್ದು ಮಾಡಿದ್ರೆ ಸಾಕು ಅನ್ಕೊಂಡಿದ್ದೆ.” ಅವನು ಒದ್ದೆ ಮಣ್ಣಿನಲ್ಲೇ ಕುಳಿತ. “ಹೋಗ್ಬೇಡ. ಇರು.”

ಯಾರೂ ಹೇಳಿಕೊಡದೆ ಅವನಾಡಿದ ಮಾತು! ಅವಳು ಕಣ್ಣೊರೆಸಿಕೊಂಡಳು, ಕೆನ್ನೆಗೆ ಮಣ್ಣು ಮೆತ್ತಿತು.

“ಸಹಿ ಹಾಕಲ್ಲ. ಆದ್ರೆ ಸುಸ್ತೇನೂ ಹೋಗಿಲ್ಲ, ಹೇಳಿರ್ತೀನಿ.”

“ಹಾಗಾದ್ರೆ ನೀನು ಕೂತಿರು. ಇವನ್ನೆಲ್ಲ ನಾನು ತಿರುಗಿಸಿ ನೆಡ್ತೀನಿ.”

“ಬೇಡ, ಮುಟ್ಬೇಡಿ! ಬರೋ ದಾರೀಲೇ ಬರ್ಲಿ.”

ಅವಳು ಅವನ ಪಕ್ಕಕ್ಕೆ ಸರಿದು ಕುಳಿತಳು. ಅವಳ ತಲೆ, ತನಗೇ ತಿಳಿಯದಂತೆ, ಅವನ ತೋಳಿಗೆ ಒರಗಿತು… ಒಲವು ಆಯಾಸವನ್ನು ಅಳಿಸುತ್ತದೆಂದು ಹೇಳುವವರು ಬಹುಶಃ ಎಂದೂ ನಿಜವಾಗಿ ದಣಿದವರಲ್ಲ. ದಣಿದ ಹೃದಯವು ಬೇಡುವುದು ಎಷ್ಟು ಅಲ್ಪವನ್ನು! ‘ಸುಸ್ತಾಗಿದೆ’ ಎಂಬ ಒಂದು ಮಾತನ್ನು ನಾಚಿಕೆಯಿಲ್ಲದೆ ಇಳಿಸಿಡಲು ಹತ್ತಿರದಲ್ಲೊಂದು ಜೀವ… ಅಷ್ಟು ದೊರೆತರೆ, ಮುಂದಿನ ಮುಂಜಾನೆಯನ್ನು ಮನುಷ್ಯ ಹೇಗೋ ಹೊತ್ತುಕೊಳ್ಳುತ್ತಾನೆ.