ವಾಣಿಯ ಗಾಡಿಯ ಮಡ್‌ಗಾರ್ಡು

ಮೂರನೇ ಸಲ ಹೊಡೆದ ಬಣ್ಣವೂ ಕಣ್ಣೆದುರೇ ಕುಳಿ ಬಿತ್ತು. ಬಣ್ಣ ಅಲ್ಲಲ್ಲಿ ಸರಿದುಕೊಂಡು ಮಡ್‌ಗಾರ್ಡಿಗೆ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು. ಕೈಯಲ್ಲಿದ್ದ ಸ್ಪ್ರೇ ಡಬ್ಬಿಯನ್ನು ಹಿತ್ತಲ ಗೋಡೆಗೆ ಬೀಸಿ ಒಗೆದೆ. ಹಾಳಾದ್ದು ಪುಟಿದು ಹೋಗಿ ನೀರಿನ ತೊಟ್ಟಿಯೊಳಗೆ ಬಿತ್ತು. ಅದನ್ನೂ ಈಗ ನಾನೇ ತೊಳೆಯಬೇಕು.

ನನ್ನ ತಂಗಿ ವಾಣಿಶ್ರೀಗೆ ಎರಡು ವರ್ಷದವಳಿದ್ದಾಗ ಪೋಲಿಯೋ ಬಂದು ಬಲಗಾಲು ಸೋತಿತು. ಈಗ ಅವಳಿಗೆ ಮೂವತ್ತಾರು. ಹೊನ್ನಾಳಿಯ ಒಂದು ಸೊಸೈಟಿಯಲ್ಲಿ ಕೆಲಸ ಸಿಕ್ಕಿದೆ, ಸೋಮವಾರ ಹಾಜರಾಗಬೇಕು. ನ್ಯಾಮತಿಯಿಂದ ದಿನಾ ಹೋಗಿಬರಲು, ಹಿಂದೆ ಎರಡು ಪಕ್ಕದ ಗಾಲಿ ಕೂಡಿಸಿದ ಹಳೇ ಸ್ಕೂಟರನ್ನು ತನ್ನ ಹೊಲಿಗೆ ದುಡ್ಡಿನಲ್ಲೇ ಕೊಂಡಳು. ಮೈದಾನದಲ್ಲಿ ಓಡಿಸಿ ಕಲಿತು ಲೈಸೆನ್ಸನ್ನೂ ಮಾಡಿಸಿದಳು. ಪಕ್ಕದ ಗಾಲಿಗಳ ಮಡ್‌ಗಾರ್ಡು ಮಾತ್ರ ಒಡೆದಿದ್ದವು. ನಾನು ದಾವಣಗೆರೆಯಿಂದ ಫೈಬರಿನ ಹೊಸ ಜೋಡಿ ತಂದೆ, ಬಣ್ಣ ಕಾಣದ ಬರೀ ಮೈಯವು.

"ಹಂಗೇ ಹಾಕಿಬಿಡಣ್ಣ" ಅಂದಳು.

"ಬಣ್ಣ ಆಗದೆ ಗಾಡಿ ಬೀದಿಗೆ ಇಳಿಯಂಗಿಲ್ಲ. ಜನ ಆಡ್ಕೊಳ್ತಾರೆ" ಅಂದವನು ನಾನೇ.

ಪೇಂಟರಿಗೆ ಕೊಡಬಹುದಿತ್ತು. ಆದರೆ ಪಂಪ್‌ಸೆಟ್ ಮೋಟಾರಿಗೆ ಕಾಯಿಲ್ ಸುತ್ತುವ ಈ ಕೈಗೆ ಎರಡು ಮಡ್‌ಗಾರ್ಡು ಯಾವ ಲೆಕ್ಕ ಎಂಬ ಜಂಬ. ಫೈಬರಿನ ಸಹವಾಸ ಮಾಡಿದವರಿಗೇ ಗೊತ್ತು ಅದರ ಪಾಡು. ಅಚ್ಚಿನಿಂದ ಬಿಡಿಸಲು ಸವರಿದ ಮೇಣ ಹೋಗುವ ತನಕ ಸೋಪಿನ ನೀರಲ್ಲಿ ತೊಳೆ, ಎಮರಿ ಕಾಗದದಲ್ಲಿ ತಿಕ್ಕು, ಸಣ್ಣ ತೂತುಗಳಿಗೆ ಪುಟ್ಟಿ ತುಂಬು, ಮತ್ತೆ ತಿಕ್ಕು, ಪ್ರೈಮರ್ ಹೊಡೆ. ಅದರ ಪುಡಿ ಮೈಗೆ ಹತ್ತಿದರೆ ನಸುಗುನ್ನಿ ಸವರಿದ ಹಾಗೆ. ಕೆರೆದೂ ಕೆರೆದೂ ನನ್ನ ಮೊಳಕೈ ಕಿತ್ತುಹೋಗಿದೆ.

ಬುಧವಾರ ಮೊದಲ ಸಲ ಕೆಟ್ಟಾಗ ಬಣ್ಣದಂಗಡಿಯ ಚಿತ್ತಪ್ಪನ ಮೇಲೆ ಹರಿಹಾಯ್ದಿದ್ದೆ.

"ಬಣ್ಣಕ್ಕೆ ಏನೂ ಆಗಿಲ್ಲ ಗುರುಬಸಣ್ಣ" ಅಂದ ಅವನು. "ಎಣ್ಣೆ ಜಿಡ್ಡು ಇದ್ದ ಕಡೆ ಬಣ್ಣ ಕೂರಂಗಿಲ್ಲ. ತಿನ್ನರ್ ಬಟ್ಟೇಲಿ ಒರೆಸಿ ಹೊಡೀರಿ. ಕುಣಿಯಲಾರದೋಳು ನೆಲ ಡೊಂಕು ಅಂದ್ಳಂತೆ."

ಆ ಮಾತು ಕೇಳಿ ಕಿವಿ ಕಾದಿತ್ತು. ಈಗ ಭಾನುವಾರ ಮಧ್ಯಾಹ್ನ, ನಾಳೆ ಬೆಳಿಗ್ಗೆ ಅವಳು ಹೊರಡಬೇಕು. ನನ್ನ ಕೂಗಾಟ ಕೇಳಿ ಅವ್ವ ಅಡುಗೆಮನೆಯಿಂದ ಬಂದಳು. ಮಡ್‌ಗಾರ್ಡು ನೋಡಿ ಲೊಚಗುಟ್ಟಿದಳು.

"ನಾನು ಸವರಿದ ಎಣ್ಣೆ ಸಾಲಲಿಲ್ಲೇನೋ?"

"ಏನು ಸವರಿದೆ?"

"ಹರಳೆಣ್ಣೆ. ನೀನು ತಿಕ್ಕಿ ತಿಕ್ಕಿ ಒಣಕಲು ಮಾಡಿ ಇಟ್ಟಿದ್ದೆ. ಹೊಸ ಹೆಂಚಿಗೆ ಎಣ್ಣೆ ತೋರಿಸದೆ ಯಾರಾದ್ರೂ ಒಲೆ ಮ್ಯಾಲೆ ಇಡ್ತಾರಾ? ದಿನಾ ಬೆಳಿಗ್ಗೆ ಒಂದು ಕೈ ಸವರೀನಿ, ಬಣ್ಣ ಚೆಂದಾಗಿ ಕೂರಲಿ ಅಂತ."

"ಹೆಂಚಿಗೆ ಸವರೋದು ರೊಟ್ಟಿ ಹತ್ತಬಾರದು ಅಂತ. ಬಣ್ಣ ಹತ್ತಬೇಕು ಅಂತ ಯಾರು ಎಣ್ಣೆ ಸವರ್ತಾರವ್ವ? ನಾಲ್ಕು ದಿನದಿಂದ ಕತ್ತೆ ಥರ ದುಡೀತಿದೀನಿ, ಎಲ್ಲಾನೂ ಹೊಳೇಲಿ ಹುಣಸೆಹಣ್ಣು ತೊಳೆದಂಗೆ ಮಾಡಿದೆ."

ಇನ್ನೂ ಏನೇನೋ ಅಂದೆ. ಅವ್ವನ ಮುಖ ಸಣ್ಣದಾಯಿತು. ಪಡಸಾಲೆಯಲ್ಲಿ ಹೊಲಿಗೆ ಮಷೀನಿನ ಸದ್ದು ನಿಂತು, ವಾಣಿ ಕೋಲೂರಿಕೊಂಡು ಬಾಗಿಲಿಗೆ ಬಂದಳು.

"ಅವ್ವನ್ನ ಯಾಕೆ ಬೈತೀಯ? ನಿನಗೆ ಗೊತ್ತಿತ್ತಲ್ಲ."

"ಏನು ಗೊತ್ತಿತ್ತು?"

"ಶುಕ್ರವಾರ ನೀನೇ ಮಡ್‌ಗಾರ್ಡು ಎತ್ತಿ ಮೂಸಿದೆ. ತಿನ್ನರ್ ಬಟ್ಟೆ ಕೈಯಾಗೇ ಇತ್ತು. ಒರೆಸಲಿಲ್ಲ, ಹಂಗೇ ಹೊಡೆದೆ. ಇವತ್ತೂ ಅಷ್ಟೇ. ಕಿಟಕಿಯಾಗೆ ನೋಡ್ತಾ ಇದ್ದೆ ನಾನು."

ಹರಳೆಣ್ಣೆಯ ವಾಸನೆ ಯಾರಿಗೆ ತಿಳಿಯುವುದಿಲ್ಲ? ಒರೆಸಿದರೆ ಸಂಜೆಯೊಳಗೆ ಕೆಲಸ ಮುಗಿಯುತ್ತದೆ, ಮುಗಿದರೆ ಅವಳು ಹೊರಟೇ ಹೋಗುತ್ತಾಳೆ ಎಂದು ಕೈ ಹಿಂದೆಗೆದಿತ್ತು. ಹೊನ್ನಾಳಿ ರಸ್ತೆಯ ಲಾರಿಗಳ ಭಯ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಅರ್ಧ ಸುಳ್ಳು. ಹೈಸ್ಕೂಲಿನಿಂದ ಹಿಡಿದು ಹೊಲಿಗೆ ಅಂಗಡಿಯವರೆಗೆ ಅವಳನ್ನು ದಿನಾ ಬೈಕಿನಲ್ಲಿ ಬಿಟ್ಟು ಬಂದವನು ನಾನು. ಮದುವೆ ಮಕ್ಕಳು ಅಂತ ಏನೂ ಇಲ್ಲದ ನನಗೆ, ನಾನು ಬೇಕು ಅನ್ನುವವಳು ಎಂದು ಇದ್ದದ್ದು ಅವಳೊಬ್ಬಳೇ. ಸಿಟ್ಟೇನೋ ನಿಜವಾಗಿಯೂ ಬಂದಿತ್ತು, ಆದರೆ ಅದು ಬಣ್ಣದ ಮೇಲೂ ಅಲ್ಲ, ಅವ್ವನ ಮೇಲೂ ಅಲ್ಲ.

"ಒಂದು ವಾರ ನಾನೇ ಬಿಟ್ಟು ಬರ್ತೀನಿ ವಾಣಿ. ಅಷ್ಟರಾಗೆ ಇದನ್ನ ಸರಿಯಾಗಿ ಮಾಡಿ..."

"ಬ್ಯಾಡಣ್ಣ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ಇಪ್ಪತ್ತು ವರ್ಷದಿಂದ ಹಿಂದೆ ಕೂತು ನಿನ್ನ ಬೆನ್ನೇ ನೋಡೀನಿ. ನನಗೆ ರಸ್ತೆ ನೋಡಬೇಕು. ಸ್ಪ್ಯಾನರ್ ಕೊಡು."

ಕೊಟ್ಟೆ. ಅವಳು ನೆಲಕ್ಕೆ ಕೂತು, ಆ ಕುಳಿಬಿದ್ದ ಮಡ್‌ಗಾರ್ಡುಗಳನ್ನು ತಾನೇ ಬಿಗಿದಳು. ನಾನು ಬೋಲ್ಟ್ ಹಿಡಿದುಕೊಂಡೆ ಅಷ್ಟೇ.

ಸೋಮವಾರ ಎಂಟೂವರೆಗೆ ಅವಳು ಹೊರಟಳು. ಗಾಡಿ ತಿರುವು ದಾಟಿದ ಮೇಲೆ ನಾನೂ ನನ್ನ ಮೋಟಾರ್ ಅಂಗಡಿಗೆ ಹೊರಟೆ. ಬೈಕ್ ಸ್ಟಾರ್ಟ್ ಮಾಡಿ, ದಿನದ ರೂಢಿಯಂತೆ ಅವಳು ಹತ್ತುವುದಕ್ಕೆ ಅನುಕೂಲವಾಗಲೆಂದು ಎಡಕ್ಕೆ ವಾಲಿಸಿಕೊಂಡು ನಿಂತೆ. ಎಷ್ಟು ಹೊತ್ತು ನಿಂತಿದ್ದೆನೋ.

"ಅವಳು ಹೋದ್ಳು ಕಣಪ್ಪ" ಅಂದಳು ಅವ್ವ, ಬಾಗಿಲಲ್ಲಿ ನಿಂತು. "ನೀನೂ ಹೋಗು."