ಹೊಟ್ಟೆ ನೋಡ್ಕೋ, ಕ್ಲೆಮ್

“ಆ ಅಜ್ಜನಿಗೆ ಪಟ್ಟಿ ಬೇಡ್ವಾ? ಅದು ನಮ್ಮಂಥ ಹೊಸಬರಿಗೆ ಮಾತ್ರಾನಾ?” ಅಂದಳು ಸೆಲಾ.

ರೋಡಾ ತಲೆ ಎತ್ತಲಿಲ್ಲ. ಬೆಂಚಿನ ಮೇಲೆ ಕೂತು ಹಸಿರು ಹಗ್ಗವೊಂದನ್ನು ಗೇಣು ಗೇಣಾಗಿ ಬೆರಳುಗಳ ನಡುವೆ ಜಾರಿಸುತ್ತಿದ್ದಳು. ಹಗ್ಗದ ತಿರುಳು ಎಲ್ಲಾದರೂ ಮೆತ್ತಗಾಗಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೇ ಸಿಗಬೇಕು. ಮೇಲೆ ಗರಗಸದ ಹಲ್ಲಿನಂಥ ಮಾಡು, ಅದರ ಗಾಜಿನಿಂದ ಬೀಳುವ ನೆರಳಿಲ್ಲದ ಬೆಳಕು. ಜೀಲಾಂಗ್ ಬಂದರಿನ ಈ ಕಟ್ಟಡ ಉಣ್ಣೆಯ ಗೋದಾಮಾಗಿದ್ದ ಕಾಲದಲ್ಲಿ ವ್ಯಾಪಾರಿಗಳು ಇದೇ ಬೆಳಕಿನಲ್ಲಿ ಉಣ್ಣೆಯ ಎಳೆ ಬಿಡಿಸಿ ನೋಡುತ್ತಿದ್ದರಂತೆ. ಈಗ ಆಟಕ್ಕೆಂದು ಗೋಡೆ ಹತ್ತುವವರ ಈ ಮನೆಯಲ್ಲಿ ರೋಡಾ ಹಗ್ಗ ನೋಡುತ್ತಾಳೆ. ಹಗ್ಗ, ಕೊಂಡಿ, ಸೊಂಟಕ್ಕೂ ತೊಡೆಗೂ ಬಿಗಿಯುವ ಹಾರ್ನೆಸ್ಸು, ಮೇಲೆ ಕೂತಿರುವ ಯಂತ್ರಗಳು, ಎಲ್ಲದರ ಜವಾಬ್ದಾರಿಯೂ ಅವಳದು.

“ಎಲ್ರಿಗೂ ಬೇಕು,” ಅಂದಳು. “ಯಾವ ಅಜ್ಜ?”

“ಅದೇ, ಬಿಳಿ ಗಡ್ಡದವರು. ಬಾಯಿ ಮುಚ್ಚದೆ ಫುಟಿ ಆಟದ ವಿಷಯ ಹೇಳ್ತಿದ್ರಲ್ಲ. ಪಟ್ಟಿ ಇಲ್ಲೇ ಕೆಳಗಿದೆ. ಅವರು ಅಲ್ಲಿ ಮೇಲಿದ್ದಾರೆ.”

ರೋಡಾ ನೋಡಿದಳು.

ಕಿಟಕಿಯ ಪಕ್ಕದ ಗೋಡೆ. ಅದರ ಹಳದಿ ಪಟ್ಟಿ ಮೇಲಿನ ಯಂತ್ರದಿಂದ ಇಳಿದು ಬಂದು, ನೆಲದ ಉಂಗುರಕ್ಕೆ ಕೊಂಡಿ ಹಾಕಿಸಿಕೊಂಡು ಬಿಗಿಯಾಗಿ ನಿಂತಿತ್ತು. ಕ್ಲೆಮ್ ಬ್ಯಾಸೆಟ್ ಮಾತ್ರ ನಾಲ್ಕಂತಸ್ತಿನ ಎತ್ತರದಲ್ಲಿದ್ದ. ಗೋಡೆ ಹೊಟ್ಟೆಯ ಹಾಗೆ ಉಬ್ಬಿ ಮುಂದಕ್ಕೆ ಬರುವ ಜಾಗವನ್ನೂ ದಾಟಿ ಹೋಗಿದ್ದ. ಅಲ್ಲಿಂದಲೂ ಮಾತು ನಿಂತಿರಲಿಲ್ಲ. ಶನಿವಾರ ಸೋತ ತನ್ನ ತಂಡಕ್ಕೆ ಬೈಯುತ್ತಾ, ಒಂದೊಂದು ಬೈಗುಳಕ್ಕೆ ಒಂದೊಂದು ಹಿಡಿಕೆ ಮೇಲೇರುತ್ತಿದ್ದ.

ಒಬ್ಬರೇ ಹತ್ತುವಾಗ ಈ ಪಟ್ಟಿಯನ್ನು ಹೊಟ್ಟೆಯ ಮುಂದಿರುವ ಹಾರ್ನೆಸ್ಸಿನ ಕುಣಿಕೆಗೆ ಸಿಕ್ಕಿಸಿಕೊಂಡರೆ ಆಯಿತು. ಹತ್ತಿದಷ್ಟೂ ಯಂತ್ರ ಅದನ್ನು ನುಂಗಿಕೊಳ್ಳುತ್ತದೆ, ಕೈ ಬಿಟ್ಟರೆ ಹಸುಗೂಸನ್ನು ಇಳಿಸಿದ ಹಾಗೆ ಮೆಲ್ಲಗೆ ಇಳಿಸುತ್ತದೆ. ಸಿಕ್ಕಿಸಿಕೊಳ್ಳುವುದನ್ನು ಮರೆಯುವವರು ಹೊಸಬರಲ್ಲ. ಹೊಸಬರು ಪ್ರಾಣ ಕೈಯಲ್ಲಿ ಹಿಡಿದುಕೊಂಡು ಮೂರು ಸಲ ಎಳೆದು ನೋಡುತ್ತಾರೆ. ಮರೆಯುವವರು ಸಾವಿರ ಸಲ ಹತ್ತಿದವರು. ಅದಕ್ಕೇ ಪ್ರತಿ ಗೋಡೆಯ ಬುಡಕ್ಕೂ ಒಂದು ಮುಕ್ಕೋನದ ದಪ್ಪ ಬಟ್ಟೆ ಕಟ್ಟಿ, ಪಟ್ಟಿಯನ್ನು ಅದಕ್ಕೆ ಸಿಕ್ಕಿಸಿಡುವುದು. ಪಟ್ಟಿಯನ್ನು ಕೈಗೆ ತೆಗೆದುಕೊಂಡರೇ ಬಟ್ಟೆ ಕೆಳಗೆ ಬೀಳುವುದು, ಗೋಡೆ ಸಿಗುವುದು.

ಇವತ್ತು ಬೆಳಿಗ್ಗೆ ಕಿಟಕಿ ಪಕ್ಕದ ಬಟ್ಟೆಯ ಮೂಲೆ ಹರಿದಿತ್ತು. ಹೊಲಿಯುವುದಕ್ಕೆಂದು ಬಿಚ್ಚಿದವಳು ರೋಡಾ. ಬಟ್ಟೆ ಇಲ್ಲದಿದ್ದರೆ ಆ ಗೋಡೆ ಮುಚ್ಚಿದ ಹಾಗೆ, ಎದುರಿಗೆ ಕೆಂಪು ಹಲಗೆ ನಿಲ್ಲಿಸಬೇಕು. ಹಲಗೆ ತರಲು ಎದ್ದಿದ್ದಳು ಕೂಡ. ಅಷ್ಟರಲ್ಲಿ ಸೆಲಾ ಬಂದಿದ್ದಳು, ಎರಡೂ ಕಾಲನ್ನು ಹಾರ್ನೆಸ್ಸಿನ ಒಂದೇ ತೂತಿಗೆ ತೂರಿಸಿಕೊಂಡು, “ಇದನ್ನ ಹೊಲಿದವನಿಗೆ ಹೆಂಗಸರ ತೊಡೆ ಗೊತ್ತಿಲ್ಲ,” ಅಂತ ನಗುತ್ತಾ. ಸೆಲಾ ಟೋಂಗಾ ದ್ವೀಪದವಳು, ದೊಡ್ಡ ಆಳು. ವೃದ್ಧಾಶ್ರಮದಲ್ಲಿ ಕೆಲಸ. ಐವತ್ತು ತುಂಬಿದ್ದಕ್ಕೆ ಜೊತೆಯವರೆಲ್ಲ ಸೇರಿ ಇಲ್ಲಿಯ ಒಂದು ದಿನದ ಹತ್ತುವಿಕೆಯನ್ನು ಉಡುಗೊರೆ ಕೊಟ್ಟಿದ್ದರು. “ಈ ಹಗ್ಗ ನನ್ನನ್ನ ತಡೆಯುತ್ತಾ?” ಅಂತ ಕೇಳಿದ್ದಳು. “ನಿಮ್ಮನ್ನೂ ತಡೆಯುತ್ತೆ, ಹೊರಗೆ ನಿಂತಿರೋ ನಿಮ್ಮ ಕಾರನ್ನೂ ತಡೆಯುತ್ತೆ,” ಅಂದಿದ್ದಳು ರೋಡಾ. ಇಬ್ಬರೂ ನಕ್ಕಿದ್ದರು. ಹಲಗೆ ಉಗ್ರಾಣದಲ್ಲೇ ಉಳಿದಿತ್ತು.

ಹಗ್ಗ ಕೈಯಿಂದ ಜಾರಿ ಬಿತ್ತು. ತುದಿ ಮುಟ್ಟಿದ ಮೇಲೆ ಕ್ಲೆಮ್ ಏನು ಮಾಡುತ್ತಾನೆ ಅಂತ ರೋಡಾಗೆ ಗೊತ್ತಿತ್ತು. ಎಲ್ಲರೂ ಮಾಡುವುದೇ, ಕೈ ಬಿಡುವುದು. ಬೇರೆಯವರು ಅಳುಕುತ್ತಾ ಬಿಡುತ್ತಾರೆ. ಕ್ಲೆಮ್ ಹಾಗಲ್ಲ. ಮೇಲಿನ ಉಕ್ಕಿನ ತೊಲೆಗೆ ಅಂಗೈಯಿಂದ ಫಟ್ಟಂತ ಒಂದು ಬಾರಿಸಿ, ಎರಡೂ ತೋಳು ಚಾಚಿ, ಕೊಳಕ್ಕೆ ಬೆನ್ನು ಕೊಟ್ಟು ಬೀಳುವ ಹುಡುಗರ ಹಾಗೆ ಹಿಂದಕ್ಕೆ ಬಿದ್ದುಬಿಡುತ್ತಾನೆ.

ತೊಲೆಗೆ ಇನ್ನು ಎರಡೇ ಹಿಡಿಕೆ ಬಾಕಿ. ಕಿರುಚಿದರೆ ಬೆಚ್ಚುತ್ತಾನೆ. ಸುಮ್ಮನಿದ್ದರೆ ಮುಗಿಯಿತು.

“ಕ್ಲೆಮ್,” ಅಂದಳು, ಹಾಲು ತಂದೆಯಾ ಅಂತ ಕೇಳುವ ದನಿಯಲ್ಲಿ, ಸ್ವಲ್ಪ ಜೋರಾಗಿ ಅಷ್ಟೆ. “ಅಲ್ಲೇ ಒಂದು ಗಳಿಗೆ ನಿಲ್ಲು. ತೊಲೆ ಮುಟ್ಟಬೇಡ.”

“ಯಾಕೆ, ಬಣ್ಣ ಹೊಡ್ಸಿದೀಯಾ?”

“ಎರಡೂ ಕೈಯಲ್ಲಿ ಹಿಡ್ಕೊಂಡಿದೀಯಾ?”

“ಇಲ್ಲ, ಹಲ್ಲಲ್ಲಿ ಹಿಡ್ಕೊಂಡಿದೀನಿ. ಏನೇ ಮಾರಾಯ್ತಿ, ಪಾಠ ನೀನು ನನಗೆ ಹೇಳ್ತೀಯಾ?”

“ಹೂಂ, ಇವತ್ತು ನಾನೇ ಹೇಳ್ತೀನಿ. ಗಟ್ಟಿಯಾಗಿ ಹಿಡ್ಕೊಂಡೇ ಇರು. ಈಗ ನಿನ್ನ ಹೊಟ್ಟೆ ನೋಡ್ಕೋ.”

“ಗೊತ್ತು ಕಣೇ, ಬೆಳೆದಿದೆ. ಮನೇಲಿ ಪ್ಯಾಮ್ ದಿನಾ ಹೇಳ್ತಾಳೆ, ಈಗ ನೀನೂ ಶುರು—”

ಮಾತು ಅಲ್ಲಿಗೆ ನಿಂತಿತು.

ಕ್ಲೆಮ್‌ನ ಬೆನ್ನು ಕಾಣುತ್ತಿತ್ತು, ಮಾಸಿದ ನೀಲಿ ಬನಿಯನ್ನು, ಗೋಡೆಗೆ ಅಂಟಿಕೊಂಡ ಎರಡು ತೋಳು. ಜೀಲಾಂಗಿನ ಅರ್ಧ ಊರಿಗೆ ಹತ್ತುವುದು ಕಲಿಸಿದ ತೋಳುಗಳು ಅವು. ಯೂ ಯಾಂಗ್ಸ್ ಬೆಟ್ಟದ ಕಲ್ಲಿನ ಮೇಲೆ ರೋಡಾಳನ್ನು ಮೊದಲ ಸಲ ಹತ್ತಿಸಿದವನೂ ಅವನೇ. ಯಾರೂ ನೆಲ ಬಿಡುವ ಮೊದಲು ಇನ್ನೊಬ್ಬರು ಅವರ ಗಂಟನ್ನೂ ಕೊಂಡಿಯನ್ನೂ ಮುಟ್ಟಿ ನೋಡಬೇಕು ಅನ್ನುವ ಪದ್ಧತಿ ಈ ಮನೆಗೆ ಬಂದದ್ದು ಅವನಿಂದ. “ನೋಡಿದ್ರೆ ಸಾಲದ್ರೋ, ಮುಟ್ರೋ,” ಅಂತ ಎಲ್ಲರ ಬೆನ್ನಿಗೂ ಗುದ್ದಿ ಗುದ್ದಿ ರೂಢಿ ಮಾಡಿಸಿದ್ದ. ಅವನ ಕೊಂಡಿಯನ್ನು ಮಾತ್ರ ಯಾರೂ ಮುಟ್ಟಿ ನೋಡುತ್ತಿರಲಿಲ್ಲ. ಅವನ ಹೊಟ್ಟೆಗೆ ಕೈ ಹಾಕುವ ಧೈರ್ಯ ಯಾರಿಗಿತ್ತು?

“ರೋಡಾ,” ಅಂತು ಮೇಲಿನಿಂದ ಒಂದು ಸಣ್ಣ ದನಿ. “ಉಬ್ಬಿನ ಕೆಳಗೆ ಕಾಲು ಎಲ್ಲಿಡೋದು ಅಂತ ಕಾಣೋದಿಲ್ಲ. ನಾನು ಇಳಿಯೋಕಾಗಲ್ಲ.”

“ಇಳೀಬೇಡ. ಪಕ್ಕದ ಹಗ್ಗ ಕಳಿಸ್ತೀನಿ.”

ಪಕ್ಕದ ಗೋಡೆಗೆ ಹಗ್ಗವೊಂದು ತೂಗುತ್ತಿತ್ತು, ಮೇಲಿನ ಉಂಗುರದಲ್ಲಿ ಹಾಯ್ದು ಎರಡೂ ತುದಿ ನೆಲದಲ್ಲಿ. ಒಂದು ತುದಿಗೆ ಗಂಟು ಹಾಕಿ ಎರಡು ಕೊಂಡಿ ಸೇರಿಸಿಟ್ಟಿದ್ದರು. ರೋಡಾ ಇನ್ನೊಂದು ತುದಿಯನ್ನು ತನ್ನ ಸೊಂಟದಲ್ಲಿದ್ದ, ಹಗ್ಗ ಜಾರದಂತೆ ಹಿಡಿಯುವ ತಡೆಕೊಂಡಿಗೆ ತೂರಿಸಿದಳು. ಬೆರಳು ನಡುಗಲಿಲ್ಲ. ಆಮೇಲೆ ನಡುಗಿದರಾಯಿತು ಅಂತ ಅವೇ ತೀರ್ಮಾನ ಮಾಡಿಕೊಂಡಿದ್ದವೇನೋ. ಎಳೆಯತೊಡಗಿದಳು. ಗಂಟಿನ ತುದಿ ಗೋಡೆಗುಂಟ ಮೇಲೇರಿತು, ಎರಡು ಕೊಂಡಿಗಳು ಒಂದಕ್ಕೊಂದು ತಾಗಿ ಗೆಜ್ಜೆಯಂತೆ ಸದ್ದು ಮಾಡುತ್ತಾ. ಉಬ್ಬಿನ ಆಚೆಗೆ ಹೋದದ್ದೇ ಅವಳ ಕಣ್ಣಿನಿಂದ ಮರೆಯಾಯಿತು.

“ಸೆಲಾ, ಹಿಂದೆ ಹೋಗಿ, ಗೋಡೆಯಿಂದ ದೂರ. ನನಗೆ ತುದಿ ಕಾಣಲ್ಲ. ಎಲ್ಲಿದೆ ಹೇಳಿ.”

ಸೆಲಾ ಆಗಲೇ ಹಿಂದೆ ಸರಿದಿದ್ದಳು. “ಅವರ ಮೊಣಕಾಲಿನ ಹತ್ತಿರ ಬಂತು. ಎಳೀರಿ. ಸೊಂಟ. ಎಳೀರಿ ಎಳೀರಿ. ಸಾಕು! ಅಜ್ಜಾ, ನಿಮ್ಮ ಬಲಗಡೆ ಇದೆ, ಒಂದು ತೋಳು ಚಾಚಿದ್ರೆ ಸಿಗುತ್ತೆ. ಈಗಲೇ ಬೇಡ. ಮೊದಲು ಉಸಿರು ಬಿಡಿ. ಉಸಿರು ಹಿಡಿದು ನಿಂತಿದೀರಿ ನೀವು.”

“ಯಾರಮ್ಮಾ ನೀನು?”

“ಸೆಲಾ. ದಿನಾ ಬೆಳಿಗ್ಗೆ ನಿಮಗಿಂತ ಹಟಮಾರಿ ಮುದುಕರನ್ನ ಸ್ನಾನಕ್ಕೆ ಏಳಿಸೋಳು. ಉಸಿರು ಬಿಡಿ ಅಂದೆ.”

ಮೇಲೆ ಒಂದು ದೀರ್ಘ ಉಸಿರು ಹೊರಟಿತು. ನಾಲ್ಕಂತಸ್ತಿನ ಕೆಳಗೂ ಅದು ಕೇಳಿಸಿತು.

ಹಗ್ಗ ಸಡಿಲ ಬಿಡುತ್ತಾ ರೋಡಾ ಎರಡು ಹೆಜ್ಜೆ ಹಿಂದೆ ಸರಿದಳು, ಈಗ ಅವನು ಅವಳಿಗೂ ಕಂಡ. ಕ್ಲೆಮ್ ಎಡಗೈಯ ಬೆರಳುಗಳನ್ನು ಹಿಡಿಕೆಯ ಮೇಲೆ ಒಂದೊಂದಾಗಿ ಮತ್ತೆ ಜೋಡಿಸಿಕೊಂಡ. ಎಡಗಾಲಿನ ಮೇಲೆ ಭಾರ ಹಾಕಿದ. ಬಲಗೈ ಗೋಡೆಯಿಂದ ಬಿಟ್ಟಿತು. ಸಾವಿರಾರು ಮಂದಿ ಸಾವಿರಾರು ಸಲ ಕೈ ಚಾಚಿದ್ದನ್ನು ರೋಡಾ ನೋಡಿದ್ದಳು, ಹೀಗೆ ನೋಡಿರಲಿಲ್ಲ. ಎಪ್ಪತ್ತು ದಾಟಿದ ದೇಹ. ಅದರ ಕೆಳಗೆ ಗಾಳಿ ಬಿಟ್ಟರೆ ಏನೂ ಇಲ್ಲ. ಆದರೂ ಆ ಕೈ ಅವಸರ ಮಾಡಲಿಲ್ಲ. ತುಂಬಿದ ಬೋಗುಣಿಯನ್ನು ಅಟ್ಟದಿಂದ ತೆಗೆಯುವವರ ಹಾಗೆ ಬಲಕ್ಕೆ ಹೋಯಿತು. ಹೆಬ್ಬೆರಳಿನಷ್ಟು ದಪ್ಪದ ಕಡ್ಡಿಯಂಥ ಅಂಚಿನ ಮೇಲೆ ಇಡೀ ಒಬ್ಬ ಮನುಷ್ಯ ನಿಂತಿದ್ದ, ಅವನ ಜೊತೆ ಅವನು ಕಲಿಸಿದ್ದೆಲ್ಲ ನಿಂತಿತ್ತು, ಮನೆಯಲ್ಲಿ ಊಟಕ್ಕೆ ಕಾಯುವ ಹೆಂಡತಿ ಪ್ಯಾಮ್ ನಿಂತಿದ್ದಳು. ಇದೆಲ್ಲವನ್ನೂ ದಿನಾ ಒಂದು ಬೆರಳಗಲದ ಕೊಂಡಿ ಹೊತ್ತುಕೊಂಡಿರುತ್ತದೆ, ಯಾರೂ ಅದಕ್ಕೆ ಥ್ಯಾಂಕ್ಸ್ ಹೇಳುವುದಿಲ್ಲ. ದೊಡ್ಡ ಚರ್ಚಿನೊಳಗೆ ಒಬ್ಬಳೇ ನಿಂತ ಹಾಗನ್ನಿಸಿತು ರೋಡಾಗೆ.

“ಸಿಕ್ತು!” ಅಂದಳು ಸೆಲಾ. ಕೂಗಲಿಲ್ಲ, ಪಿಸುಗುಟ್ಟಿದಳು.

ಒಂದೇ ಕೈಯಲ್ಲಿ ಕೊಂಡಿ ಬಾಯಿ ಬಿಡಿಸಿ ಕುಣಿಕೆಗೆ ಹಾಕಬೇಕು. ಒಂದು ಸಲ ಲೋಹ ಜಾರಿದ ಸದ್ದು ಬಂತು. ಇನ್ನೊಂದು ಸಲವೂ ಜಾರಿತು. ಆಮೇಲೆ ಚಿಟಕ್. ಹಿಂದೆಯೇ ಇನ್ನೊಂದು ಚಿಟಕ್.

“ಮುಟ್ಟಿ ಹೇಳು,” ಅಂದಳು ರೋಡಾ.

“ಮುಟ್ಟಿದೆ. ಎರಡೂ ಕುಣಿಕೆಯ ಒಳಗಿವೆ. ಕೊಂಡಿಯ ತಿರುಪು ಬಿಗಿಯಾಗಿದೆ.”

“ಎಳೆದು ನೋಡು.”

“ಎಳೆದೆ. ನೀನು ಹಿಡಿದಿದೀಯಲ್ಲ?”

“ಹಿಡಿದಿದೀನಿ.”

ಅವನು ತೊಲೆಗೆ ಬಾರಿಸಲಿಲ್ಲ, ತೋಳು ಚಾಚಲಿಲ್ಲ. ಒಂದೊಂದೇ ಬೆರಳು ಬಿಡಿಸಿ, ಹೊಸಬನ ಹಾಗೆ ಕಣ್ಣು ಮುಚ್ಚಿ, ಹಗ್ಗದ ಮೇಲೆ ಕೂತ. ಹಗ್ಗ ಸ್ವಲ್ಪ ಹಿಗ್ಗಿ, ಕಿರ್ರಂತ ಸದ್ದು ಮಾಡಿ, ಅವನನ್ನು ಇಟ್ಟುಕೊಂಡಿತು.

ಅವನ ಭಾರವೆಲ್ಲ ರೋಡಾಳ ಸೊಂಟಕ್ಕೆ ಬಂತು. ಅಂಥ ಒಳ್ಳೆಯ ಭಾರ ಅವಳು ಯಾವತ್ತೂ ಹೊತ್ತಿರಲಿಲ್ಲ.

ರೋಡಾ ಮೆಲ್ಲಗೆ ಇಳಿಸಿದಳು. ಕಾಲು ನೆಲದ ಮೆತ್ತೆಗೆ ತಾಗಿದ್ದೇ ಕ್ಲೆಮ್ ಕುಸಿದು ಕೂತ. ಗಡ್ಡದ ತುಂಬ, ಹಿಡಿತಕ್ಕೆಂದು ಕೈಗೆ ಬಳಿದುಕೊಂಡಿದ್ದ ಸೀಮೆಸುಣ್ಣದ ಪುಡಿ. ಬಾಯಿಗೆ ಬಂದ ಮೊದಲ ಮಾತು, “ಪ್ಯಾಮ್‌ಗೆ ಹೇಳಬೇಡಿ.”

“ಹೇಳ್ತೀನಿ,” ಅಂದಳು ರೋಡಾ. “ನಿನಗಿಂತ ಮೊದಲು ನನ್ನ ವಿಷಯ ಹೇಳ್ತೀನಿ. ಗೋಡೆ ಬುಡದ ಬಟ್ಟೆ ಬಿಚ್ಚಿದ್ದು ನಾನು. ಹಲಗೆ ಇಡದೆ ನಗ್ತಾ ನಿಂತಿದ್ದು ನಾನು.”

“ಹುಚ್ಚು ಮಾತು. ಹಾರ್ನೆಸ್ ಯಾರ ಸೊಂಟದಲ್ಲಿತ್ತು? ಕೊಂಡಿ ಹಾಕ್ಕೋಬೇಕಾದ ಕೈ ಯಾರದು?”

“ಗೋಡೆ ಯಾರ ವಶದಲ್ಲಿತ್ತು?”

“ಗೋಡೆ ನನ್ನನ್ನ ಕರೀಲಿಲ್ಲ ಕಣೇ. ಈ ನನ್ನ ವಟವಟ ಬಾಯಿ ಎಳಕೊಂಡು ಹೋಯ್ತು ನನ್ನನ್ನ.”

“ನಾನು ಆಗ್ಲೇ ನೋಡಿದೆ,” ಅಂದಳು ಸೆಲಾ. ಅವಳ ದೊಡ್ಡ ಮುಖ ಮಂಕಾಗಿತ್ತು. “ಅವರು ನನ್ನ ಎತ್ತರಕ್ಕಿದ್ದಾಗಲೇ. ಕೈ ಚಾಚಿದ್ರೆ ಕಾಲು ಸಿಗ್ತಿತ್ತು. ಇಷ್ಟು ದೊಡ್ಡವರಿಗೆ ನಾನೇನು ಹೇಳೋದು ಅಂತ ಬೂಟಿನ ದಾರ ಕಟ್ಕೊಂಡು ಕೂತೆ.”

ಕ್ಲೆಮ್ ಅವಳನ್ನೇ ನೋಡಿದ. ಅವಳ ಕಡೆ ಎರಡೂ ಕೈ ಚಾಚಿದ. ಅವಳು ಎಬ್ಬಿಸಿ ನಿಲ್ಲಿಸಿದಳು. “ಇನ್ಮೇಲೆ,” ಅಂದ ಅವಳಿಗೆ, “ನಾನು ಅಂತಲ್ಲ, ದೇವರೇ ಬಂದು ಈ ಗೋಡೆ ಹತ್ತಿದ್ರೂ ಕಾಲು ಹಿಡಿದು ಎಳೀಬೇಕು.”

“ನೀವು ಒದೆಯೋಲ್ಲ ತಾನೇ?”

“ಒದೀತೀನಿ. ಆದ್ರೂ ಎಳಿ.”

ಕೊಂಡಿಗಳನ್ನು ತಾನೇ ಬಿಚ್ಚಿಕೊಂಡು, ಚಹಾಕ್ಕೆ ನೀರಿಡುತ್ತೇನೆ ಅಂತ ಹೊರಟವನು ತಿರುಗಿ ನೋಡಿದ. ಹಗ್ಗದ ತುದಿ ಖಾಲಿ ತೂಗಾಡುತ್ತಿತ್ತು. ರೋಡಾ ಇನ್ನೂ ಹಾಗೇ ನಿಂತಿದ್ದಳು, ಬಲಗೈ ಸೊಂಟದ ಕೆಳಗೆ ಹಗ್ಗವನ್ನು ಬಿಗಿಹಿಡಿದುಕೊಂಡು.

“ಬಿಡೇ ಹುಡುಗೀ,” ಅಂದ ಮೆಲ್ಲಗೆ. “ನಾನು ಇಲ್ಲಿದೀನಿ.”

“ಗೊತ್ತು,” ಅಂದಳು ರೋಡಾ. “ಬೆರಳು ಬಿಡೋಕೆ ಬರ್ತಾ ಇಲ್ಲ.”

ಸೆಲಾ ಹತ್ತಿರ ಬಂದು ಆ ಮುಷ್ಟಿಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಸ್ವಲ್ಪ ಹೊತ್ತು ಬೆಚ್ಚಗೆ ಮಾಡಿದಳು. ಆಮೇಲೆ ಕಿರುಬೆರಳಿನಿಂದ ಶುರುಮಾಡಿ, ಒಂದೊಂದಾಗಿ ಬಿಡಿಸತೊಡಗಿದಳು.