ಅಪ್ಪ ಹೊಗಳಿದ ಎಂಜಿನ್

ಕಾರು ಒಂದೇ, ಎಂಜಿನ್ ಮೂರು. ಸಾದಾ ಪೆಟ್ರೋಲ್, ವೇಗ ಜಾಸ್ತಿಯ ಟರ್ಬೊ, ಆಮೇಲೆ ಪೆಟ್ರೋಲಿನ ಜೊತೆ ಬ್ಯಾಟರಿಯಲ್ಲೂ ಓಡುವ ಹೈಬ್ರಿಡ್. ಒಂದು ತಿಂಗಳಿಂದ ನನ್ನ ಗಂಡ ಈ ಮೂರರ ಗುಣಗಾನ ಮಾಡಿ ತಲೆ ತಿಂದಿದ್ದ. ಬೆಳಿಗ್ಗೆ ಟರ್ಬೊ ಅಂದರೆ ಸಂಜೆಗೆ ಹೈಬ್ರಿಡ್. ಕೊನೆಗೆ ನಾನೇ, "ಅಪ್ಪನ ಕಿವಿ ಯಾವುದಕ್ಕೆ ಹೂಂ ಅನ್ನತ್ತೋ ಅದೇ" ಎಂದು ತೀರ್ಪು ಕೊಟ್ಟೆ.

ಅಪ್ಪ ನಲವತ್ತು ವರ್ಷ ಗ್ಯಾರೇಜು ನಡೆಸಿದವನು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಂತನೆಂದರೆ ಒಳಗಿನ ಕಾಯಿಲೆ ಹೇಳಿಬಿಡುತ್ತಿದ್ದ. ಬೀದಿಯವರೆಲ್ಲ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುವುದು. ಗ್ಯಾರೇಜು ಮುಚ್ಚಿ ಐದು ವರ್ಷವಾದರೂ ಆ ಹೆಸರು ಹಿಡಿದು ಯಾರಾದರೂ ಗಾಡಿ ತೋರಿಸಲು ಬಂದರೆ ಅವನ ಬೆನ್ನು ನೆಟ್ಟಗಾಗುತ್ತದೆ. ಮನೆಯಲ್ಲಿ ಮಾತ್ರ ಆ ಕಿವಿ ಶುದ್ಧ ಸೋಮಾರಿ. ಕುಕ್ಕರ್ ಕೂಗಿದರೂ ಏಳುವುದಿಲ್ಲ, ಕರೆದರೆ ಓಗೊಡುವುದಿಲ್ಲ. "ಬೇಕಂತ್ಲೇ ಹೀಗೆ ಮಾಡ್ತೀಯ" ಎಂದು ಎರಡು ವರ್ಷದಿಂದ ಅವನ ಮೇಲೆ ಹರಿಹಾಯುತ್ತಿದ್ದೆ. ನನ್ನ ಬಾಯಿಯೇ ಅಂಥದ್ದು.

ಶೋರೂಮಿಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸ್ಕ್ರೂಡ್ರೈವರನ್ನು ಚೀಲದಲ್ಲಿಟ್ಟುಕೊಂಡು ಬಂದ. ಹಿಂದಿನ ಅಂಗಳದಲ್ಲಿ ಮೂರೂ ಕಾರುಗಳು ಸಾಲಾಗಿ ನಿಂತಿದ್ದವು. ಅಪ್ಪ ಚೀಲದಿಂದ ಆಯುಧ ತೆಗೆದದ್ದನ್ನು ನೋಡಿ ಕಾರು ತೋರಿಸುವ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಸಾದಾ ಪೆಟ್ರೋಲನ್ನು ಕೇಳಿ, "ಪಾಪದವನು" ಎಂದ ಅಪ್ಪ. ಟರ್ಬೊಗೆ, "ಇವನಿಗೆ ಅವಸರ ಜಾಸ್ತಿ, ನಮ್ಮ ಅಳಿಯಂದಿರ ಥರ" ಎಂದ. ನನ್ನ ಗಂಡ ಹಲ್ಲು ಕಿರಿದ.

ಹೈಬ್ರಿಡ್‌ನ ಬಾನೆಟ್ ಎತ್ತಿ, ಹುಡುಗಿ ಒಳಗೆ ಕೂತು ಗುಂಡಿ ಒತ್ತಿದಳು. ಅಪ್ಪ ಈ ಸಲ ತುಂಬ ಹೊತ್ತು ಕಣ್ಣು ಮುಚ್ಚಿ ನಿಂತ. ಹಣೆಯಲ್ಲಿ ಬೆವರು ಮೂಡಿತು.

"ಆಹಾ! ನಾಲ್ಕು ಸಿಲಿಂಡರೂ ಒಂದೇ ತಾಳಕ್ಕೆ ಹೋಗ್ತಿವೆ. ಇಷ್ಟು ನಯವಾದ ಎಂಜಿನ್ ನಾನು ಕಂಡೇ ಇಲ್ಲ!"

ಎಂಜಿನ್ ಓಡುತ್ತಲೇ ಇರಲಿಲ್ಲ. ಬ್ಯಾಟರಿ ತುಂಬಿತ್ತು, ಕಾರು ಹೊರಡಲು ಸಿದ್ಧ ಎನ್ನುವ ಹಸಿರು ದೀಪವಷ್ಟೇ ಹತ್ತಿತ್ತು.

ಹುಡುಗಿ ಏನೋ ಹೇಳಲು ಬಾಯಿ ತೆರೆದಳು. ನಾನು ಕಣ್ಣು ಬಿಟ್ಟ ರಭಸಕ್ಕೆ ಹಾಗೇ ಮುಚ್ಚಿಕೊಂಡಳು. ಕುಕ್ಕರು, ಓಗೊಡದ ಕರೆಗಳು, ನನ್ನ ಕಿರುಚಾಟ ಎಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಾಯಿತು. ಕಿವಿ ಮೇಸ್ತ್ರಿಗೆ ಕಿವಿ ಕೇಳಿಸುವುದಿಲ್ಲ ಎಂದು ಪರರೆದುರು ಯಾವ ಬಾಯಲ್ಲಿ ಹೇಳಲಿ?

ಅದೇ ಕಾರನ್ನು ಓಡಿಸಿ ನೋಡಲು ಹೊರಟೆವು. ಗಂಡ ಓಡಿಸುತ್ತಿದ್ದ, ಪಕ್ಕದಲ್ಲಿ ಅಪ್ಪ, ನಾನೂ ಹುಡುಗಿಯೂ ಹಿಂದೆ. ಅಲ್ಲಿಯವರೆಗೆ ಬ್ಯಾಟರಿಯಲ್ಲೇ ಓಡಿದ ಕಾರಿನ ಎಂಜಿನ್ ಸೇತುವೆಯ ಏರಿನಲ್ಲಿ ಶುರುವಾಯಿತು. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿಕೊಂಡಿದ್ದ ಅಪ್ಪ ಬೆಚ್ಚಿಬಿದ್ದು ನನ್ನ ಕಡೆ ತಿರುಗಿದ.

"ಈಗ ಶುರುವಾಯ್ತು. ಅಂದ್ರೆ ಆಗ ಓಡ್ತಿರ್ಲಿಲ್ಲ, ಅಲ್ವಾ?"

ಸುಳ್ಳು ಹೇಳೋಣ ಅನ್ನಿಸಿತು. ಆಗಲಿಲ್ಲ. "ಇಲ್ಲಪ್ಪ" ಎಂದು ತಲೆಯಾಡಿಸಿದೆ.

"ಕಿವಿ ಮಂದವಾಗಿ ಎರಡು ವರ್ಷ ಆಯ್ತು ಕಣೆ. ನಿನ್ ಹತ್ರ ಹೇಳೋಕೆ ಮನಸ್ಸು ಬರ್ಲಿಲ್ಲ. ಸ್ಕ್ರೂಡ್ರೈವರ್ ಹಿಡಿದ ಕೈಗೆ ಎಂಜಿನ್ನಿನ ನಡುಕ ಗೊತ್ತಾಗತ್ತೆ, ಅದ್ರಲ್ಲೇ ಹೇಗೋ ನಡೀತಿತ್ತು. ಇವತ್ತು ಕೈಗೂ ಏನೂ ಸಿಗ್ಲಿಲ್ಲ. ಇನ್ನು ಕೈಯೂ ಹೋಯ್ತು, ನನ್ನ ಕಥೆ ಮುಗೀತು ಅಂತ ಹೆದರಿ ಬಾಯಿಗೆ ಬಂದಹಾಗೆ ಹೊಗಳ್ಬಿಟ್ಟೆ."

ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ಆಮೇಲೆ ಅವನ ಮುಖ ಅರಳಿತು.

"ಅಲ್ವೇ, ಅದು ಓಡ್ತಾನೇ ಇರ್ಲಿಲ್ಲ ಅಂದ್ರೆ ನನ್ನ ಕೈ ಸರಿಯಾಗೇ ಹೇಳಿತ್ತು!"

ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾವೂ ನಕ್ಕೆವು; ನನ್ನ ಕಣ್ಣಲ್ಲಿ ಬಂದದ್ದು ನಗುವಿನ ನೀರೊಂದೇ ಆಗಿರಲಿಲ್ಲ.

"ಹಾಗಾದ್ರೆ ಯಾವುದು ಮಾವ?" ನನ್ನ ಗಂಡ ಕೂಗಿ ಕೇಳಿದ.

"ಇದೇ. ಆದ್ರೆ ಮೇಸ್ತ್ರಿಗೇ ಟೋಪಿ ಹಾಕಿದ್ದು ಇದೊಂದೇ ಅಂತ ಬೀದಿಯಲ್ಲಿ ಹೇಳ್ಬೇಡಿ."

ಕಾರು ಮನೆಗೆ ಬಂತು. ಅಪ್ಪ ಕಿವಿಯ ಡಾಕ್ಟರನ್ನು ನೋಡಲು ಒಪ್ಪಿದ್ದಾನೆ, ಮುಂದಿನ ವಾರ ಹೋಗಬೇಕು. ಈಗ ನಾನು ಕೂಗುವುದಿಲ್ಲ. ಅವನು ಊಟದ ಮೇಜಿನ ಮೇಲೆ ಕೈ ಚಾಚಿ ಪೇಪರ್ ಓದುವಾಗ, ಈ ತುದಿಯಲ್ಲಿ ನಿಂತು ಬೆರಳಿನಿಂದ ಎರಡು ಸಲ ಮೆಲ್ಲಗೆ ತಟ್ಟುತ್ತೇನೆ. ತಲೆ ಎತ್ತದೆಯೇ, "ಏನಮ್ಮಾ?" ಅನ್ನುತ್ತಾನೆ.